ಫೋಟೋದಲ್ಲಿದ್ದ ಇನ್ನೊಬ್ಬ ಕಮಲಾಬಾಯಿ

ಕೊರೋನಾ ಕಳೆದ ಮರುವರ್ಷದ ಮಾತು. ನಾನು ಔರಾದದಲ್ಲಿ ವಕೀಲನಾಗಿದ್ದೆ. ತಾಲ್ಲೂಕಿನ ಉಚಿತ ಕಾನೂನು ನೆರವಿನ ಪಟ್ಟಿಯಲ್ಲೂ ನನ್ನ ಹೆಸರಿತ್ತು. ಎಷ್ಟೋ ದೊಡ್ಡ ಮೊಕದ್ದಮೆಗಳು ಮರೆತುಹೋಗಿವೆ. ಕೋರ್ಟಿನ ಮೆಟ್ಟಿಲನ್ನೇ ಹತ್ತದ ಈ ಕೇಸು ಮಾತ್ರ ಮರೆತಿಲ್ಲ.

ಎಕಂಬಾದ ಕಮಲಾಬಾಯಿ ಒಬ್ಬರೇ ಬಂದಿದ್ದರು. ನಲವತ್ತೈದರ ಆಸುಪಾಸು, ಗಂಡನಿಲ್ಲ, ಮಕ್ಕಳಿಲ್ಲ. ಊರಿನ ಹೆಂಗಸರ ರವಿಕೆ ಹೊಲಿದು ಬದುಕುತ್ತಿದ್ದರು. ಬೀದರಿನ ಒಂದು ಫೈನಾನ್ಸ್ ಕಂಪನಿಯ ನೋಟೀಸು ಕೈಯಲ್ಲಿತ್ತು. ನಲವತ್ತೆಂಟು ಸಾವಿರ ಸಾಲ, ಹದಿನೈದು ದಿನದಲ್ಲಿ ಕಟ್ಟದಿದ್ದರೆ ಕ್ರಮ.

"ಈ ಕಂಪನಿ ಹೆಸರೇ ಕೇಳಿಲ್ರಿ ಸಾಹೇಬ್ರ. ವಸೂಲಿಯವ್ರು ಇಬ್ಬರು ಬಂದು ಓಣಿ ಮಂದಿ ಮುಂದ ಜೋರಾಗಿ ಓದಿ ಹೋದ್ರು."

ಅಂದಿನಿಂದ ಹೊಲಿಗೆಗೆ ಬಟ್ಟೆ ಬರುವುದು ನಿಂತಿತ್ತು. ಇವರ ಹೆಸರು ಕೆಟ್ಟರೆ ಸಂಘಕ್ಕೇ ಬ್ಯಾಂಕ್ ಸಾಲ ಸಿಗುವುದಿಲ್ಲವೆಂದು ಮಹಿಳಾ ಸಂಘದವರೂ ಸಭೆಗೆ ಬರಬೇಡವೆಂದಿದ್ದರು.

ಸದ್ಯಕ್ಕೆ ಎರಡು ಸಾವಿರ ಕೊಟ್ಟರೆ ಸಾಕು ಎಂದಿದ್ದರಂತೆ ವಸೂಲಿಯವರು. ಒಂದು ಕಂತು ಕಟ್ಟಿದರೂ ಸಾಲ ಒಪ್ಪಿಕೊಂಡಂತೆ, ಏನೂ ಕೊಡಬೇಡಿ, ಎಲ್ಲೂ ಸಹಿ ಹಾಕಬೇಡಿ ಎಂದೆ. ಕಮಲಾಬಾಯಿ ನೋಟೀಸು ಮಡಚುತ್ತಾ ಹೇಳಿದರು.

"ಎರಡು ಸಾವಿರಕ್ಕ ಮಂದಿ ಮೊದಲಿನಂಗ ಮಾತಾಡಸ್ತಾರಂದ್ರ ಕೊಟ್ಟಬಿಡ್ತೇನ್ರಿ."

ಕಾಗದ ತೆಗೆದುಕೊಂಡು ಅವರ ಪರವಾಗಿ ಕಂಪನಿಗೆ ಪತ್ರ ಬರೆಯಲು ಕೂತೆ. ಈ ಸಾಲ ನನ್ನದಲ್ಲ. ಅರ್ಜಿ, ಗುರುತಿನ ದಾಖಲೆ, ಹಣ ಜಮೆಯಾದ ಖಾತೆಯ ವಿವರ ಕೊಡಿ. ಅಲ್ಲಿಯವರೆಗೆ ವಸೂಲಿಗೆ ಯಾರನ್ನೂ ಕಳಿಸಬೇಡಿ ಎಂದು ಅವರ ಹೆಸರಿನಲ್ಲಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. ಪೊಲೀಸ್ ಠಾಣೆಗೂ ದೂರು ಕೊಟ್ಟೆವು. ತಿಂಗಳಾದರೂ ಕಂಪನಿ ತುಟಿ ಬಿಚ್ಚಲಿಲ್ಲ. ಆಮೇಲೆ ಇಂಥ ಕಂಪನಿಗಳ ಮೇಲಿನ ದೂರು ಕೇಳುವ ಓಂಬುಡ್ಸ್‌ಮನ್‌ಗೆ ಬರೆದೆವು. ಆಗ ದಾಖಲೆಗಳು ಬಂದವು.

ಆಧಾರ್ ಪ್ರತಿ ಇವರದೇ. ಭಾಲ್ಕಿಯಲ್ಲಿ ಸಿಮ್ ಕೊಳ್ಳುವಾಗ ಕೊಟ್ಟಿದ್ದು ಅವರಿಗೆ ನೆನಪಿತ್ತು. ಅಲ್ಲಿಂದಲೇ ಹೋಯಿತೋ ಇಲ್ಲವೋ, ಕೊನೆಗೂ ತಿಳಿಯಲಿಲ್ಲ. ಖಾತೆ ಬೇರೆಯವರದು. ಸಹಿ ಮಾಡುವಾಗ ತೆಗೆದ ಫೋಟೋದಲ್ಲಿದ್ದವಳು ಬೇರೆ ಹೆಂಗಸು, ಪಕ್ಕದಲ್ಲಿ ಜಾಮೀನಿಗೆ ನಿಂತ ಇನ್ನೊಬ್ಬಳು. ಕೇಸು ಗೆದ್ದೆವೆಂದು ನನಗೆ ಖುಷಿ. ಕಮಲಾಬಾಯಿ ಫೋಟೋವನ್ನೇ ನೋಡುತ್ತಿದ್ದರು.

"ನನ್ನ ಹೆಸರಿನ್ಯಾಗ ಸುಳ್ಳು ಹೇಳೋಕಿಗೂ ಜೋಡಿಗೆ ಒಬ್ಬಾಕಿ ಬಂದಾಳ್ರಿ. ಖರೆ ಹೇಳಾಕ ನಾ ಒಬ್ಬಾಕಿನೇ ಬಂದೇನಿ."

ಕಂಪನಿ ನೋಟೀಸು ಹಿಂಪಡೆಯಿತು. ಕಮಲಾಬಾಯಿಯ ಹೆಸರಿನಲ್ಲಿ ಯಾವ ಬಾಕಿಯೂ ಇಲ್ಲ, ಕ್ರೆಡಿಟ್ ದಾಖಲೆಯಿಂದಲೂ ತೆಗೆಸಿದ್ದೇವೆ ಎಂದು ಪತ್ರ ಕೊಟ್ಟಿತು. ಅದನ್ನು ಅವರ ಮನೆ ವಿಳಾಸಕ್ಕೆ ಅಂಚೆಗೆ ಹಾಕಿ ಫೈಲು ಮುಚ್ಚಿದೆ.

ನಾಲ್ಕು ತಿಂಗಳ ಮೇಲೆ ಒಂದು ಹೊಲದ ತಕರಾರಿಗಾಗಿ ಎಕಂಬಾಕ್ಕೆ ಹೋದಾಗ ಅವರ ಮನೆಗೂ ಹೋದೆ. ಹೊಲಿಗೆ ಯಂತ್ರದ ಮೇಲೆ ಸೀರೆ ಹೊದಿಸಿತ್ತು. ಪತ್ರ ಟ್ರಂಕಿನಲ್ಲಿತ್ತು.

"ಯಾರಿಗೂ ತೋರಿಸಿಲ್ಲೇನು?"

"ಯಾರರೆ ಮನಿಗಿ ಬಂದ್ರ ತೋರಿಸಬೇಕಲ್ರಿ. ನಾನೇ ಹಿಡ್ಕೊಂಡು ಮನಿ ಮನಿ ತಿರುಗಿದ್ರ ಇನ್ನಷ್ಟು ನಗ್ತಾರ್ರಿ."

ಅಂದು ಮಧ್ಯಾಹ್ನ ಸಮುದಾಯ ಭವನದಲ್ಲಿ ಸಂಘದ ಸಭೆಯಿತ್ತು. ನಾನೇ ಅವರನ್ನು ಕರೆದುಕೊಂಡು ಹೋಗಿ, ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಸಂಘದ ಅಧ್ಯಕ್ಷೆ ಚಾಪೆಯ ಮೇಲೆ ಸರಿದು ಜಾಗ ಮಾಡಿದರು.

"ಬಾ ಕಮಲಾ, ಕೂಡು. ನಮಗ ಹೇಳೋದಿಲ್ಲೇನು ನೀ?"

"ನೀವು ಕೇಳಲಿಲ್ಲ," ಎಂದರು ಕಮಲಾಬಾಯಿ, ಮತ್ತು ಬಾಗಿಲ ಬಳಿಯೇ ಕೂತರು.

ಒಂದಿಬ್ಬರು ಮತ್ತೆ ಬಟ್ಟೆ ಕೊಡತೊಡಗಿದರೆಂದು ನಂತರ ತಿಳಿಯಿತು. ಎಲ್ಲರೂ ಅಲ್ಲ. ಆ ನಾಲ್ಕು ತಿಂಗಳು, ಪತ್ರವನ್ನು ಊರಿಗೆ ಒಯ್ದು ಓದದೆ ಅಂಚೆಗೆ ಹಾಕಿದ ನನ್ನ ತಪ್ಪಿನಿಂದ ಹೋದವು ಎಂದು ಈಗಲೂ ಅನಿಸುತ್ತದೆ. ಅಂದಿನಿಂದ ಯಾವ ಕಕ್ಷಿದಾರರು ಬಂದರೂ, ಸಾಲ ಎಷ್ಟು ಎಂದು ಕೇಳುವ ಮೊದಲು, ಊರಲ್ಲಿ ನಿಮ್ಮನ್ನು ಯಾರು ಮಾತಾಡಿಸುತ್ತಾರೆ ಎಂದು ಕೇಳುವುದನ್ನು ಕಲಿತೆ.