ಯಮುನಕ್ಕನ ಓದು

ಯಮುನಕ್ಕನ ಪುಸ್ತಕಗಳಿಗೆಲ್ಲ ಸ್ಪಿರಿಟ್ಟಿನ ವಾಸನೆ ಇತ್ತು. ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಒರೆಸುತ್ತಾರಲ್ಲ, ಅದೇ ಸ್ಪಿರಿಟ್. ಹಳೆಯ ಪುಸ್ತಕ ಕೈಗೆ ಬಂದರೆ ಹತ್ತಿಯನ್ನು ಅದರಲ್ಲಿ ಅದ್ದಿ, ಮೊದಲು ರಟ್ಟು, ಆಮೇಲೆ ಬೆನ್ನು, ಕೊನೆಗೆ ಪುಟಗಳ ಅಂಚು ಒರೆಸಿ ಫ್ಯಾನಿನ ಕೆಳಗೆ ಬಿಡಿಸಿ ಇಡುತ್ತಿದ್ದಳು. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಯಮುನಕ್ಕನ ಪುಸ್ತಕಗಳಿಗೆ ಮಾತ್ರ ಒಂದು ಚುಕ್ಕೆಯೂ ಹಿಡಿಯುತ್ತಿರಲಿಲ್ಲ.

ಅವಳು ಹೊನ್ನಾವರದ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಶಿಯನ್. ಬೆಳಿಗ್ಗೆ ಏಳಕ್ಕೆ ಹಸಿದ ಹೊಟ್ಟೆಯಲ್ಲಿ ಬಂದು ಸಾಲಾಗಿ ಕೂತವರ ರಕ್ತ ತೆಗೆಯುವುದು, ಮಧ್ಯಾಹ್ನದ ತನಕ ಅದನ್ನು ಪರೀಕ್ಷಿಸಿ ವರದಿ ಬರೆಯುವುದು ಅವಳ ಕೆಲಸ. ನಾನು ಕುಮಟಾದವಳು, ಹೊನ್ನಾವರದ ಹೈಸ್ಕೂಲಿಗೆ ಟೀಚರಾಗಿ ಬಂದ ವರ್ಷ ಜ್ವರ ಬಿಡದೆ ಅಲ್ಲಿಗೆ ಹೋಗಿದ್ದೆ. ಸೂಜಿಯೆಂದರೆ ನನಗೆ ಭಯ. ಕಣ್ಣು ಮುಚ್ಚಿಕೊಂಡು ಕೂತವಳ ತೊಡೆಯ ಮೇಲಿದ್ದ ಕಾದಂಬರಿಯನ್ನು ನೋಡಿ ಅವಳು ಕೇಳಿದಳು, "ಅಕ್ಕೋರೇ, ಎಷ್ಟನೇ ಪುಟದಲ್ಲಿ ಇದ್ದೆ? ಆ ಹುಡುಗಿ ಮನೆ ಬಿಟ್ಟು ಹೋತಾ, ಇನ್ನೂ ಇಲ್ವಾ?" ನಾನು ಕಣ್ಣು ಬಿಟ್ಟು ಉತ್ತರ ಹೇಳುವಷ್ಟರಲ್ಲಿ ರಕ್ತ ತೆಗೆದಾಗಿತ್ತು.

ನಮ್ಮ ಕಡೆ ಶಾಲೆಯ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಅವಳಿಗಿಂತ ಹದಿನೈದು ವರ್ಷ ಚಿಕ್ಕವಳಾದ ನನ್ನನ್ನು ಅವಳು ಕೊನೆಯವರೆಗೂ ಹಾಗೆಯೇ ಕರೆದಳು. ನಾನು "ನೀವು" ಅಂದರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. "ನೀವು ಅಂದ್ರೆ ಹಿಂದೆ ಯಾರೋ ನಿಂತವ್ರೆ ಅಂತ ತಿರುಗಿ ನೋಡ್ತೆ ನಾನು. ನೀನು ಅನ್ನು ಮಾರಾಯ್ತಿ."

ತಿಂಗಳಿಗೊಂದು ಭಾನುವಾರ ನಾವಿಬ್ಬರೂ ಭಟ್ಕಳಕ್ಕೆ ಹೋಗುತ್ತಿದ್ದೆವು. ಅಲ್ಲಿ ಪೇಟೆಯ ಒಳಗಿನ ಒಂದು ಓಣಿಯಲ್ಲಿ ಗುಜರಿ ಅಂಗಡಿ. ತುಕ್ಕು ಹಿಡಿದ ಮೋಟಾರು, ಒಡೆದ ಬಕೆಟ್ಟು, ಹಳೆ ಪೇಪರಿನ ಕಟ್ಟುಗಳ ನಡುವೆ ಬಿಳಿ ಟೊಪ್ಪಿಯ ವಯಸ್ಸಾದ ಸಾಯ್ಬರು ಕೂತಿರುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೂ ಯಾರಾದರೂ ಮನೆ ಖಾಲಿ ಮಾಡಿ ತಂದು ಸುರಿದ ರಾಶಿಯಲ್ಲಿ ಕನ್ನಡ ಪುಸ್ತಕ ಕಂಡರೆ ಯಮುನಕ್ಕನಿಗೆಂದು ತೆಗೆದಿಡುತ್ತಿದ್ದರು. "ಬಾಯೀ, ನಿಮ್ದು ಕಿತಾಬು ಬಂದದೆ. ದಪ್ಪದ್ದು. ತಕ್ಕಡೀಲಿ ಹಾಕೂಕೆ ಮನಸ್ಸಾಗ್ಲಿಲ್ಲ ನಂಗೆ" ಎನ್ನುತ್ತಿದ್ದರು.

ಅವಳು ಪುಸ್ತಕ ಕೊಳ್ಳುವುದನ್ನು ನೋಡಬೇಕಿತ್ತು. ಮೀನು ಆರಿಸುವ ಹೆಂಗಸಿನ ಗಂಭೀರತೆ ಅದರಲ್ಲಿತ್ತು. ಬೆನ್ನು ಒತ್ತಿ ನೋಡುವಳು, ನಡುವಿನ ಒಂದು ಪುಟ ತೆಗೆದು ನಿಂತಲ್ಲೇ ಓದುವಳು, ಹುಳ ತಿಂದ ತೂತು ಎಷ್ಟು ಪುಟ ದಾಟಿದೆ ಎಂದು ಬೆಳಕಿಗೆ ಹಿಡಿಯುವಳು. ದಪ್ಪ ಪುಸ್ತಕವೆಂದರೆ ಪ್ರಾಣ. ಮನೆಯಲ್ಲಿ ಓದದೆ ಇಟ್ಟ ಪುಸ್ತಕಗಳೇ ಒಂದು ಕಪಾಟು ತುಂಬ ಇದ್ದವು. ಹೀಗೆ ಕೊಂಡು ಕೊಂಡು ಇಡುವುದು ಯಾಕೆಂದು ಒಮ್ಮೆ ಬಸ್ಸಿನಲ್ಲಿ ಕೇಳಿದೆ.

"ಓದದ ಪುಸ್ತಕ ಮನೇಲಿದ್ರೆ ಒಂದು ಧೈರ್ಯ" ಎಂದಳು. "ಇದನ್ನ ಮುಗಿಸೂಕಾದ್ರೂ ನಾ ಇರ್ಬೇಕಲ್ಲ ಅಂತ ಆಗ್ತದೆ. ಬೇರೆ ಯಾವ ಕಾರಣಾನೂ ನಂಗೆ ಅಷ್ಟು ಗಟ್ಟಿ ಅನ್ಸೂದಿಲ್ಲ."

ಆ ಮಾತನ್ನು ನಾನು ತಮಾಷೆ ಎಂದುಕೊಂಡು ನಕ್ಕೆ. ಅವಳ ಮನೆಗೆ ಹೋದ ಮೇಲೆ ಆ ನಗು ನೆನಪಾಗಿ ನಾಚಿಕೆಯಾಯಿತು.

ಮನೆ ಶರಾವತಿ ಸೇತುವೆಯ ಆಚೆ, ಕಾಸರಕೋಡಿನಲ್ಲಿ. ಒಣಮೀನಿನ ವಾಸನೆ ಗಾಳಿಯ ಜೊತೆಯಲ್ಲೇ ಒಳಗೆ ಬರುವ ಎರಡು ಕೋಣೆಯ ಹಂಚಿನ ಮನೆ. ಮುಂದಿನ ಕೋಣೆಯ ಮಂಚದ ಮೇಲೆ ಅವಳ ಗಂಡ ಮಲಗಿದ್ದ. ಒಂದು ಕಾಲದಲ್ಲಿ ಲಾರಿ ಓಡಿಸುತ್ತಿದ್ದ ಆಳೆತ್ತರದ ಮನುಷ್ಯ. ಲಕ್ವಾ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತೂ ಹೋಗಿತ್ತು. ಮಕ್ಕಳಿಲ್ಲ. ಅವಳು ಕೆಲಸಕ್ಕೆ ಹೋದಾಗ ಹತ್ತಿರದಲ್ಲೇ ಇದ್ದ ಗಂಡನ ತಂಗಿ ಮಾದೇವಿ ಬಂದು ನೋಡಿ ಹೋಗುತ್ತಿದ್ದಳು. ಮೀಯಿಸುವುದು, ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು, ಬೆನ್ನು ಹುಣ್ಣಾಗದಂತೆ ಹೊರಳಿಸುವುದು ಎಲ್ಲ ಯಮುನಕ್ಕನದೇ.

ಸಂಜೆ ನಾಲ್ಕಾಗುತ್ತಲೇ ಅವಳು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಗಟ್ಟಿಯಾಗಿ ಓದತೊಡಗಿದಳು. ಒಂದು ಗಂಟೆ ಓದಿದಳು. ಅವನು ಮೇಲಿನ ಹಂಚಿನ ಮಾಡನ್ನು ನೋಡುತ್ತ ಮಲಗಿದ್ದ. ನನ್ನ ಕಣ್ಣು ತುಂಬಿತು. ಎಂಥ ಪ್ರೀತಿ ಎಂದುಕೊಂಡೆ. ಅಡುಗೆಮನೆಗೆ ಹೋದಾಗ ಹಾಗೆಂದು ಹೇಳಿಯೂ ಬಿಟ್ಟೆ.

ಚಾ ಸೋಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಾ ಮದುವೆಯಾಗಿ ಬಂದಾಗ ಒಂದು ಟ್ರಂಕು ಪುಸ್ತಕ ತಂದಿದ್ದೆ. ಒಂದಿನ ಕೆಲಸದಿಂದ ಬಂದು ನೋಡ್ತೆ, ಇವ್ರು ಅಷ್ಟನ್ನೂ ಬಚ್ಚಲ ಒಲೆಗೆ ಹಾಕಿ ನೀರು ಕಾಯ್ಸಿದ್ರು. ಕುಡ್ದೂ ಇರ್ಲಿಲ್ಲ ಆವತ್ತು. ಓದೂ ಹೆಂಗ್ಸಿಗೆ ಗಂಡ ಕಾಣೂದಿಲ್ಲ ಅಂತ ಹೇಳಿದ್ರು. ಆ ನೀರಲ್ಲೇ ಮೀಯೂಕೆ ಹೇಳಿದ್ರು ನಂಗೆ. ಮಿಂದೆ."

ನಾನು ಲೋಟಗಳನ್ನು ಸಾಲಾಗಿ ಇಟ್ಟೆ.

"ಈಗ ಬ್ಯಾಡ ಅನ್ನೂಕೆ ಬಾಯಿಲ್ಲ ಅವ್ರಿಗೆ" ಎಂದಳು. "ಸೇಡು ಅಂತ ತಿಳ್ಕಬೇಡ. ಪ್ರೀತಿಯಂತೂ ಅಲ್ಲವೇ ಅಲ್ಲ. ಇಡೀ ದಿನ ಬಾಯಿ ತೆಗೆ, ಕೈ ಮಡಚು, ಮುಷ್ಟಿ ಬಿಗಿ ಅಂತ ಹೇಳೂ ಧ್ವನಿ ನಂದು. ಒಂದು ಗಂಟೆ ಬೇರೆ ಎಂತಾದ್ರೂ ಹೇಳ್ಲಿ ಅದು ಅಂತ" ಎಂದಳು.

ಇದಾದ ಮೇಲೂ ಅವನಿಗೆ ಅವಳು ಎಂದೂ ತಣ್ಣೀರಲ್ಲಿ ಮೈ ಒರೆಸಿದ್ದನ್ನು ನಾನು ಕಾಣಲಿಲ್ಲ. ಅವನ ಉಗುರು ಬೆಳೆದದ್ದನ್ನು ಕಾಣಲಿಲ್ಲ. ಲ್ಯಾಬಿಗೆ ಬಂದ ಹೆಂಗಸರಿಗೂ ಅಷ್ಟೇ. ವರದಿ ಕೈಗೆ ಕೊಟ್ಟು ಸುಮ್ಮನಾಗುವವಳಲ್ಲ. "ಮನೆಯವ್ರಿಗೆಲ್ಲ ಬಡ್ಸಿ ಅಡಿ ಹತ್ತಿದ್ದು ತಿಂದ್ರೆ ರಕ್ತ ಎಲ್ಲಿಂದ ಬರ್ಬೇಕು? ಮೊದ್ಲು ನೀ ಉಣ್ಣು. ನಾಳೆಯೇ ಡಾಕ್ಟ್ರಿಗೆ ತೋರ್ಸು" ಎಂದು ಗದರುತ್ತಿದ್ದಳು. ಅವಳ ಮಾತು ಕೇಳಿ ಬದುಕಿಕೊಂಡ ಹೆಂಗಸರು ಹೊನ್ನಾವರ ಪೇಟೆಯಲ್ಲಿ ಈಗಲೂ ಇದ್ದಾರೆ.

ಮೂರು ಭಾಗದ ಒಂದು ದೊಡ್ಡ ಕಾದಂಬರಿಯ ಮೊದಲ ಭಾಗವನ್ನು ಅವಳಿಂದ ತಂದಿದ್ದೆ. ಅರ್ಧ ಓದಿದಾಗ ನಡುವಿನಿಂದ ಒಂದು ಚೀಟಿ ಬಿತ್ತು. ಲ್ಯಾಬಿನ ಚೀಟಿ. ಹೆಸರಿನ ಜಾಗ ಖಾಲಿ. ಹೆಣ್ಣು, ನಲವತ್ತೊಂಬತ್ತು ವರ್ಷ. ಹಿಮೋಗ್ಲೋಬಿನ್ ಆರು. ಅಕ್ಷರ ಅವಳದೇ. ಹನ್ನೆರಡರ ಸುತ್ತ ಇರಬೇಕಾದದ್ದು ಆರು ಎಂದರೆ ಏನೆಂದು ನನಗೂ ಗೊತ್ತಿತ್ತು. ಅವಳ ವಯಸ್ಸೂ ಗೊತ್ತಿತ್ತು.

ಮರುದಿನ ಶಾಲೆ ಬಿಟ್ಟ ಮೇಲೆ ಕಾಸರಕೋಡಿಗೆ ಹೋಗಿ ಚೀಟಿಯನ್ನು ಅವಳ ಮುಂದಿಟ್ಟೆ. "ಇದು ನಿಂದಾ?"

"ಹಳೇದು ಅದು. ಗುರ್ತಿಗೆ ಇಟ್ಟಿದ್ದೆ, ಎಲ್ಲಿ ತನಕ ಓದ್ದೆ ಅಂತ."

"ಯಮುನಕ್ಕ, ಆರು ಅಂತ ಇದೆ."

"ರಕ್ತ ಹೋಗ್ತದೆ ಮಾರಾಯ್ತಿ, ತಿಂಗಳಲ್ಲಿ ಇಪ್ಪತ್ತು ದಿನ. ನಿಲ್ಲೂ ವಯಸ್ಸು, ಎಲ್ಲರಿಗೂ ಹಾಂಗೇ."

"ಎಲ್ಲರಿಗೂ ಹಾಗಲ್ಲ ಅಂತ ಲ್ಯಾಬಿನಲ್ಲಿ ನೀನೇ ಹೇಳ್ತೆ. ಡಾಕ್ಟ್ರಿಗೆ ತೋರಿಸಿದ್ಯಾ?"

ಅವಳು ಮುಂದಿನ ಕೋಣೆಯ ಕಡೆ ನೋಡಿದಳು. "ಹೋದ್ರೆ ಅಡ್ಮಿಟ್ ಅಂತಾರೆ. ಇವ್ರನ್ನ ಯಾರು ನೋಡೂದು? ಮಾದೇವಿ ಒಂದು ದಿನ ನೋಡ್ತಾಳೆ, ಎರಡು ದಿನ ನೋಡ್ತಾಳೆ." ಆಮೇಲೆ ನಕ್ಕಳು. "ದಿನಕ್ಕೊಂದು ಗಂಟೆ ಓದ್ತೆ ಅಲ್ದಾ, ಅದೇ ನಾ ನನ್ನ ನೋಡ್ಕಂಬೂದು. ಬಾ, ಎರಡನೇ ಭಾಗ ಕೊಡ್ತೆ."

ಅವಳೇ ಬರೆದ ಸಂಖ್ಯೆ ನನ್ನ ಮುಂದೆಯೇ ಇತ್ತು. ಮಾದೇವಿಯ ಹತ್ತಿರ ಮಾತಾಡಬಹುದಿತ್ತು. ನಾಲ್ಕು ದಿನ ರಜೆ ಹಾಕಿ ಅವಳ ಮನೆಯಲ್ಲಿ ನಾನೇ ಕೂರಬಹುದಿತ್ತು. ಕೈ ಹಿಡಿದು ಎಳೆದುಕೊಂಡು ಹೋಗಬಹುದಿತ್ತು. ನಾನು ಎರಡನೇ ಭಾಗ ತೆಗೆದುಕೊಂಡು ಮನೆಗೆ ಬಂದೆ. ಕತೆ ಒಳ್ಳೆಯ ಘಟ್ಟದಲ್ಲಿತ್ತು.

ಕೆಲವು ತಿಂಗಳ ನಂತರ ಕುಮಟಾದಲ್ಲಿ ಪುಸ್ತಕ ಪ್ರದರ್ಶನ ಬಂತು. ಯಮುನಕ್ಕನನ್ನು ನಾನೇ ಫೋನು ಮಾಡಿ ಕರೆದೆ. ಬಸ್ಸಿನಿಂದ ಇಳಿದವಳ ಮುಖ ಕಾಗದದಂತೆ ಬಿಳುಚಿತ್ತು. ಬಿಸಿಲು ಎಂದಳು. ಸಭಾಭವನದೊಳಗೆ ಉದ್ದನೆಯ ಮೇಜುಗಳ ಮೇಲೆ ಹೊಸ ಪುಸ್ತಕಗಳು. ಅವಳು ಯಾವಾಗಿನಂತೆ ಬೆನ್ನು ಒತ್ತಿ ನೋಡಲಿಲ್ಲ, ನಡುವಿನ ಪುಟ ಓದಲಿಲ್ಲ. ಒಂದೊಂದನ್ನೇ ಎತ್ತಿ ನೇರವಾಗಿ ಕೊನೆಯ ಪುಟಕ್ಕೆ ಹೋಗಿ ಪುಟದ ಸಂಖ್ಯೆ ನೋಡುತ್ತಿದ್ದಳು, ನೋಡಿ ಕೆಳಗಿಡುತ್ತಿದ್ದಳು. ಅವಳು ಬಹಳ ದಿನದಿಂದ ಹುಡುಕುತ್ತಿದ್ದ ದಪ್ಪ ಕಾದಂಬರಿಯೊಂದು ಅಲ್ಲಿತ್ತು. ನಾನು ಎತ್ತಿ ಕೊಟ್ಟೆ.

"ಬ್ಯಾಡ" ಎಂದಳು. "ಅಷ್ಟು ಆಗೂದಿಲ್ಲ."

ಅರವತ್ತು ಪುಟದ ಒಂದು ತೆಳ್ಳನೆಯ ಕವನ ಸಂಕಲನ ತೆಗೆದುಕೊಂಡಳು. ಅವಳ ಲೆಕ್ಕ ನನಗೆ ಅಲ್ಲೇ ಅರ್ಥವಾಯಿತು. ಅವಳು ತನ್ನ ಚೀಟಿಯನ್ನು ಓದಿದ್ದಳು, ನನಗಿಂತ ಬಹಳ ಮೊದಲೇ, ಪೂರ್ತಿಯಾಗಿ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ಹಿಡಿದೆತ್ತಿದೆ. ಕೂತಿದ್ದ ಮೆಟ್ಟಿಲು ಒದ್ದೆಯಾಗಿತ್ತು, ಸೀರೆಯ ಹಿಂಭಾಗ ಪೂರ್ತಿ ರಕ್ತ. ನನ್ನ ದುಪಟ್ಟಾ ಬಿಚ್ಚಿ ಅವಳ ಸೊಂಟಕ್ಕೆ ಸುತ್ತಿದೆ. ಜನ ನೋಡುತ್ತಿದ್ದರು. "ಮೆಟ್ಲು ಒರ್ಸು ಅಕ್ಕೋರೇ, ಯಾರಾದ್ರೂ ಮೆಟ್ತಾರೆ" ಎಂದಳು ಅವಳು, ಆಟೋದಲ್ಲಿ ಕೂರಿಸುವಾಗ.

ಕುಮಟಾದಲ್ಲಿ ರಕ್ತ ಕೊಟ್ಟು ದೂರದ ಊರಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಗರ್ಭಕೋಶದಲ್ಲಿ ಹುಟ್ಟಿದ ಕ್ಯಾನ್ಸರ್ ಹೊಟ್ಟೆಯೆಲ್ಲ ಹರಡಿತ್ತು. ಒಂದು ವರ್ಷದ ಮೊದಲು ಬಂದಿದ್ದರೆ ಎಂದು ಡಾಕ್ಟರು ಶುರುಮಾಡಿದ ವಾಕ್ಯವನ್ನು ಯಮುನಕ್ಕನೇ ಕೈ ಎತ್ತಿ ನಿಲ್ಲಿಸಿದಳು. "ಗೊತ್ತುಂಟು ಸರ್" ಎಂದಳು. ಒಂದೂವರೆ ತಿಂಗಳು ಅಲ್ಲಿದ್ದು ಮನೆಗೆ ಬಂದಳು. ಅಷ್ಟೂ ದಿನ ಗಂಡನನ್ನು ಮಾದೇವಿ ನೋಡಿಕೊಂಡಿದ್ದಳು. ಅವನ ಬೆನ್ನು ಹುಣ್ಣಾಗಿರಲಿಲ್ಲ. ಅದನ್ನು ಕಂಡು ಯಮುನಕ್ಕ, "ನೋಡ್ಕಂಡಿದ್ಲಲ್ಲ" ಎಂದು ಮೆಲ್ಲಗೆ ಹೇಳಿದಳಂತೆ. ಮಾದೇವಿಗೆ ಆ ಮಾತು ಎಷ್ಟು ಚುಚ್ಚಿತೆಂದರೆ, ನನಗೆ ಹೇಳುವಾಗ ಅವಳು ಅತ್ತುಬಿಟ್ಟಳು. "ಅತ್ಗೆ ಒಂದು ಮಾತು ಹೇಳಿದ್ರೆ ನಾ ಆಗ್ಲೇ ಬಂದು ಕೂರ್ತಿದ್ದೆ. ಕೇಳ್ಲೇ ಇಲ್ಲ ಅವ್ರು. ನಾನೂ ಕೇಳ್ಲಿಲ್ಲ."

ಕೊನೆಯ ಸಲ ನಾನು ಹೋದದ್ದು ಒಂದು ಗುರುವಾರ, ಅರ್ಧ ದಿನ ರಜೆ ಹಾಕಿ. ಕೋಣೆಯ ಎರಡು ಗೋಡೆಗೆ ಎರಡು ಮಂಚ. ಒಂದರಲ್ಲಿ ಅವನು, ಒಂದರಲ್ಲಿ ಅವಳು. ಔಷಧಿಗೆ ಉದುರಿ ಉಳಿದ ಕೂದಲು ಹಿಡಿಯಷ್ಟು. ನಾನು ಚೀಲದಿಂದ ಒಂದು ಪುಸ್ತಕ ತೆಗೆದು ಪಕ್ಕದಲ್ಲಿ ಕೂತು ಓದತೊಡಗಿದೆ. ಅರ್ಧ ಪುಟ ಆಗಿರಬಹುದು.

"ಸಾಕು" ಎಂದಳು.

"ಬೇರೆಯದು ಓದಲಾ?"

"ಯಾವ್ದೂ ಬ್ಯಾಡ." ಮಾತಿಗೆ ಉಸಿರು ಸಾಲುತ್ತಿರಲಿಲ್ಲ, ನಿಂತು ನಿಂತು ಹೇಳಿದಳು. "ಓದಿ ಓದಿ ನನ್ನ ನೋಡ್ಕಂಡೆ ಅಂತ ತಿಳ್ಕಂಡಿದ್ದೆ. ಅಲ್ಲ ಅದು. ಅಡಗಿ ಕೂತದ್ದು. ಮೈ ಕರೀತಾ ಇತ್ತು. ಪುಟ ತಿರುಗ್ಸಿದೆ."

"ಹಾಗೆಲ್ಲ ಹೇಳಬೇಡ."

"ಸುಳ್ಳಲ್ಲ. ಆದ್ರೆ ಅಡಗೂಕೆ ಬೇರೆ ಜಾಗ ಎಲ್ಲಿತ್ತು ನಂಗೆ, ಹೇಳು?"

ನಾನು ಪುಸ್ತಕವನ್ನು ಚೀಲಕ್ಕೆ ಹಾಕಿದೆ. ಅವಳು ಹೋದ ಮೇಲೆ ನಾನು ಓದಲು ಕೂತಾಗೆಲ್ಲ, ಈಗ ಯಾವುದರಿಂದ ಅಡಗುತ್ತಿದ್ದೇನೆ ಎಂಬ ಪ್ರಶ್ನೆ ಎದುರು ಬಂದು ಕೂರುತ್ತದೆ. ಕೆಲವು ಸಲ ಪುಸ್ತಕ ಮುಚ್ಚಿ ಎದ್ದು ಹೋಗುತ್ತೇನೆ. ಕೆಲವು ಸಲ ಓದುತ್ತಲೇ ಇರುತ್ತೇನೆ.

ಆ ಗುರುವಾರ ನಾಲ್ಕು ಗಂಟೆಯಾಯಿತು. ಎದುರಿನ ಮಂಚದಿಂದ ಗಂಟಲಿನೊಳಗಿನ ಒಂದು ಸದ್ದು ಬಂತು. ಅವನು ತಲೆ ಇತ್ತ ತಿರುಗಿಸಿ ನೋಡುತ್ತಿದ್ದ. ಅವನಿಗೆ ಓದು ಬೇಕಾಗಿತ್ತು.

"ಅವರಿಗೆ ಓದಲಾ?" ಎಂದೆ.

ಯಮುನಕ್ಕ ಅತ್ತ ನೋಡಲಿಲ್ಲ. "ಬ್ಯಾಡ. ಇವತ್ತು ನಂದು ಆಗ್ಲಿ" ಎಂದಳು. "ತಲೆಗೆ ಎಣ್ಣೆ ಹಚ್ತ್ಯಾ? ಹೆತ್ತ ಆಯಿ ಹೋದ ಮೇಲೆ ಯಾರೂ ಹಚ್ಲಿಲ್ಲ."

ಮಾದೇವಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದುಕೊಟ್ಟಳು. ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅದು ಮಗುವಿನ ತಲೆಯಷ್ಟು ಹಗುರವಾಗಿತ್ತು. ನೆತ್ತಿಗೆ, ಕಿವಿಯ ಹಿಂದೆ, ಕುತ್ತಿಗೆಗೆ ಮೆಲ್ಲಗೆ ತಿಕ್ಕಿದೆ. ಅವಳು ಕಣ್ಣು ಮುಚ್ಚಿದಳು. ಎದುರಿನ ಸದ್ದು ಎರಡು ಸಲ ಬಂತು, ನಿಂತಿತು. ನಾನು ನಿಲ್ಲಿಸಿದಾಗ, "ಇನ್ನೊಂಚೂರು" ಎಂದಳು. ಮತ್ತೆ ಹಚ್ಚಿದೆ. ಅಷ್ಟು ವರ್ಷಗಳಲ್ಲಿ ಅವಳು ತನಗೆಂದು ನನ್ನಿಂದ ಕೇಳಿದ್ದು ಅದೊಂದೇ.

ಕುಮಟಾದ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. "ಈ ಎಣ್ಣೆ ಹೀಗೇ ಇರಲಿ. ಭಾನುವಾರ ಬೇಗ ಬರ್ತೇನೆ. ಬಿಸಿನೀರಲ್ಲಿ ನಾನೇ ನಿನ್ನ ತಲೆ ಮೀಯಿಸ್ತೇನೆ" ಎಂದೆ.

"ಆತು" ಎಂದಳು.

ಶನಿವಾರ ಬೆಳಿಗ್ಗೆ ಮಾದೇವಿಯ ಫೋನು ಬಂತು. ನಾನು ಸೇತುವೆ ದಾಟಿ ಕಾಸರಕೋಡು ತಲುಪುವಷ್ಟರಲ್ಲಿ ಅಂಗಳದ ಒಲೆಯ ಮೇಲಿನ ಹಂಡೆ ಖಾಲಿಯಾಗಿತ್ತು. ನೆರೆಮನೆಯ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು, ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬರುತ್ತಿದ್ದರು. ಅವಳನ್ನು ಮೀಯಿಸಿ ಆಗಿತ್ತು.