ಬಾಗಿಗೆ ಅರ್ಧ ಲೋಟ ಕಾಫಿ

ನಾನು ಸಿಟ್ಟಿನ ಮನುಷ್ಯ. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ ದೂರದ ನಮ್ಮ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಇಪ್ಪತ್ತೆರಡು ವರ್ಷ ಕೂತೆ. ಹರಿದ ನೋಟು ಕೊಟ್ಟವರನ್ನು ಬೈದೆ, ಒಂದು ಚಹಾ ಹಿಡಿದು ಒಂದು ಗಂಟೆ ಕೂತವರನ್ನು ಬೈದೆ, ಧಣಿಯ ಭಾವನನ್ನೂ ಬಿಡಲಿಲ್ಲ. ಆದರೆ ಸಪ್ಲೈಯರ್ ಚೆನ್ನಯನನ್ನು ಬೈದಷ್ಟು ಯಾರನ್ನೂ ಬೈದಿಲ್ಲ. ಈಗ ಅವನಿಲ್ಲ. ಅವನ ವಿಷಯ ಬರೆಯಲು ಕೂತರೆ, ಆ ಬೈಗುಳದಲ್ಲಿ ಮುಕ್ಕಾಲು ಪಾಲು ನನಗೇ ಸಲ್ಲಬೇಕಾಗಿತ್ತು ಎನ್ನಿಸುತ್ತದೆ.

ಚೆನ್ನಯ ಕಾರ್ಕಳದ ಕಡೆಯವನು. ಮೊದಲು ಠಾಣೆಯಲ್ಲಿ, ವರ್ತಕ ನಗರದ ಹತ್ತಿರ ಒಂದು ಕ್ಯಾಂಟೀನಿನಲ್ಲಿದ್ದು, ಅರವತ್ತೆಂಟನೇ ಇಸವಿಯಲ್ಲಿ ನಮ್ಮಲ್ಲಿಗೆ ಬಂದ. ಓದು ಬರಹ ಸೊನ್ನೆ. ಊರಿನಿಂದ ಹೆಂಡತಿ ಯಾರ ಕೈಲಾದರೂ ಕಾಗದ ಬರೆಸಿದರೆ ನಾನೇ ಓದಿ ಹೇಳಬೇಕು. ಆದರೆ ಅವನ ತಲೆಯೋ ತಲೆ. ಒಮ್ಮೆ ಬಂದು ತಿಂದು ಹೋದವರ ರುಚಿ ಅವನಿಗೆ ಬಾಯಿಪಾಠ. ಕಲ್ಯಾಣದ ರೈಲ್ವೆ ಗಾರ್ಡಿಗೆ ಇಡ್ಲಿಯ ಮೇಲೆ ಸಾಂಬಾರು ಹುಯ್ಯಬಾರದು, ಬಟ್ಟಲಲ್ಲಿ ಬೇರೆ ಇಡಬೇಕು. ಭಿವಂಡಿಯ ಮಗ್ಗದ ಸೇಟಿಗೆ ದೋಸೆ ಅಂಚು ಕಪ್ಪಾಗುವಷ್ಟು ಗರಿಗರಿಯಾಗಬೇಕು. ಇಂಥವು ನಾಲ್ಕು ನೂರಾದರೂ ಅವನ ತಲೆಯಲ್ಲಿದ್ದವು. ಗಿರಾಕಿ ಕೂತು ಚಪ್ಪಲಿ ಸರಿಪಡಿಸಿಕೊಳ್ಳುವಷ್ಟರಲ್ಲಿ ತಿಂಡಿ ಮೇಜಿನ ಮೇಲೆ. "ಏನು ಬೇಕು" ಎಂದು ಕೇಳುವುದೆಂದರೆ ಅವನಿಗೆ ಮರ್ಯಾದೆ ಹೋದ ಹಾಗೆ. ಕೇಳಿ ತಂದುಕೊಡಲಿಕ್ಕೆ ಚೆನ್ನಯ ಯಾಕೆ, ನಾಯಿಗೆ ಕಲಿಸಿದರೂ ತಂದುಕೊಡುತ್ತದೆ ಎನ್ನುತ್ತಿದ್ದ. ಈ ಜಂಬಕ್ಕೆ ನಾನು ದಿನಕ್ಕೊಮ್ಮೆ ಬೈಯುತ್ತಿದ್ದೆ. ಒಳಗೊಳಗೇ ಹೊಟ್ಟೆಕಿಚ್ಚೂ ಇತ್ತು. ಬಂದವರೆಲ್ಲ ಗಲ್ಲಾದಲ್ಲಿ ಕೂತ ಈ ಪುಂಡರೀಕಾಕ್ಷನ ಮುಖ ನೋಡುತ್ತಿರಲಿಲ್ಲ, ಚೆನ್ನಯ ಎಲ್ಲಿ ಎಂದು ಕೇಳುತ್ತಿದ್ದರು.

ನನ್ನ ಗಲ್ಲಾದ ಬೆನ್ನಿಗೇ ಒಂದು ಪ್ಲೈವುಡ್ ಗೋಡೆ, ಅದರಾಚೆ ಹಸಿರು ಪರದೆ ಹಾಕಿದ ಫ್ಯಾಮಿಲಿ ರೂಮು. ಭಾನುವಾರ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿತ್ತು. ಡೊಂಬಿವಲಿಯ ನಮ್ಮ ಜನ ಇರುವುದು ಚಾಳಿನ ಒಂದೊಂದು ಖೋಲಿಯಲ್ಲಿ. ಬಚ್ಚಲ ಮೋರಿ, ಮಂಚ, ದೇವರ ಗೂಡು ಎಲ್ಲ ಅದರಲ್ಲೇ. ಗಂಡಿನ ಕಡೆಯವರು ಆರು ಜನ ಬಂದರೆ ಕೂರಿಸುವುದೆಲ್ಲಿ? ಅದಕ್ಕೆ ನಮ್ಮ ಪರದೆಯ ಹಿಂದೆ ಕರೆತರುತ್ತಿದ್ದರು. ಉಪ್ಪಿಟ್ಟೋ ದೋಸೆಯೋ ಆದ ಮೇಲೆ ಗಂಡಿನ ತಂದೆ ಬರೀ ಕಾಫಿ ಹೇಳಿದರೆ ಹುಡುಗಿ ಒಪ್ಪಿಗೆಯಾಗಲಿಲ್ಲ ಎಂದರ್ಥ. ರವೆಯ ಸಿಹಿ ಶೀರಾ ತರಿಸಿದರೆ ಒಪ್ಪಿಗೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಹೆಣ್ಣಿನ ತಂದೆಗಿಂತ ಮೊದಲು ಸಪ್ಲೈಯರಿಗೆ ಗೊತ್ತಾಗುತ್ತಿತ್ತು.

ಎಪ್ಪತ್ತನಾಲ್ಕರಲ್ಲಿ ಸಿದ್ದಲಿಂಗಪ್ಪ, ಹೆಂಡತಿ ಕಲ್ಲವ್ವನ ಜೊತೆ, ತನ್ನ ಮಗಳು ಬಾಗಿಯನ್ನು ಮೊದಲ ಸಲ ಕರೆತಂದ. ಭಿವಂಡಿಯ ಬಟ್ಟೆ ಪೇಟೆಯಲ್ಲಿ ಗುಮಾಸ್ತ, ವಿಜಾಪುರದ ಕಡೆಯವನು. ಅವನ ಖೋಲಿಯಲ್ಲಿ ಲಕ್ವ ಹೊಡೆದ ಅವನ ಮುದಿ ತಾಯಿ ಮಲಗಿದಲ್ಲೇ ಇದ್ದಳು. ಹುಡುಗಿಗೆ ಇಪ್ಪತ್ತೊಂದಿರಬಹುದು. ಅಂದು ಕಾಫಿ ಕೊಟ್ಟಾಗ ಅವಳ ಕೈ ನಡುಗಿ ಕಪ್ಪು ಬಸಿಯ ಮೇಲೆ ಕಟಕಟ ಎನ್ನತೊಡಗಿತು. ಗೋಡೆಯಾಚೆ ನನಗೂ ಕೇಳಿಸಿತು. ಗಂಡಿನ ಸೋದರಮಾವ ಈಕಿಗೆ ಕೈ ನಡಗೋ ಬ್ಯಾನಿ ಐತೇನು ಎಂದು ಅಲ್ಲೇ ಕೇಳಿದ. ಶೀರಾ ಬರಲಿಲ್ಲ.

ಎರಡನೇ ಸಲ ಬಂದಾಗ ಚೆನ್ನಯ ಎಲ್ಲರಿಗೂ ಕಪ್ಪು ಬಸಿ ಇಟ್ಟು, ಬಾಗಿಯ ಮುಂದೆ ಮಾತ್ರ ಸ್ಟೀಲಿನ ಲೋಟದಲ್ಲಿ ಅರ್ಧ ಕಾಫಿ ಇಟ್ಟ. ಬಸಿ ಇಲ್ಲದ ಮೇಲೆ ಸದ್ದಿಲ್ಲ. ಅರ್ಧವೇ ಇದ್ದ ಮೇಲೆ ಚೆಲ್ಲುವುದಿಲ್ಲ. ಸೆರಗಿನಿಂದ ಸುತ್ತಿ ಎರಡೂ ಕೈಯಲ್ಲಿ ಹಿಡಿದರೆ ನಡುಕವೂ ಕಾಣುವುದಿಲ್ಲ. ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ಹುಡುಗಿ ಒಮ್ಮೆ ತಲೆಯೆತ್ತಿ ಅವನ ಮುಖ ನೋಡಿದಳಂತೆ, ಅಷ್ಟೆ. ಅವಳ ಸೋದರಮಾವನ ವಯಸ್ಸಿನವನು ಅವನು. ಆ ಮೇಲಿನ ಸಲವೆಲ್ಲ ಅರ್ಧ ಲೋಟವೇ. ಆದರೂ ಒಬ್ಬರಿಗೆ ಹುಡುಗಿಯ ಬಣ್ಣ ಕಪ್ಪು, ಇನ್ನೊಬ್ಬರಿಗೆ ಎತ್ತರ ಹೆಚ್ಚು, ಮತ್ತೊಬ್ಬರಿಗೆ ಕಾರಣವೇ ಇಲ್ಲ. ಮೂರು ವರ್ಷದಲ್ಲಿ ಆರು ಗಂಡುಗಳು ದೋಸೆ ತಿಂದು ಹೋದರು. ಪ್ರತಿ ಸಲವೂ ಚೆನ್ನಯ ಅಡುಗೆಮನೆಯಲ್ಲಿ ಅಡುಗೆಯವ ಮಾಪಣ್ಣನಿಂದ ಶೀರಾ ಬಿಸಿ ಮಾಡಿಸಿಟ್ಟು ಕಾಯುತ್ತಿದ್ದ.

ಎಪ್ಪತ್ತೇಳರ ಮೇ ತಿಂಗಳಲ್ಲಿ ಏಳನೆಯವರು ಬಂದರು. ಕಲ್ಯಾಣದ ವಿರುಪಾಕ್ಷಪ್ಪ ಎಂಬ ವ್ಯಾಪಾರಿ, ಅವರ ಹೆಂಡತಿ, ಮಗ. ಅವರು ಬರುವುದಕ್ಕೆ ಅರ್ಧ ಗಂಟೆ ಮೊದಲು ಸಿದ್ದಲಿಂಗಪ್ಪ ಗಲ್ಲಾದ ಹತ್ತಿರ ಬಂದು ದನಿ ತಗ್ಗಿಸಿ ಒಂದು ಮಾತು ಹೇಳಿದ. ಇದೇ ಮೊದಲನೇ ಸಲ ಹುಡುಗಿಯನ್ನು ತೋರಿಸುತ್ತಿರುವುದು ಎಂದು ಅವರಿಗೆ ಹೇಳಿದ್ದಾನೆ. ಆರು ಸಲ ತಿರುಗಿಬಂದ ಹುಡುಗಿ ಎಂದರೆ ಯಾರು ಬರುತ್ತಾರೆ. ಸಪ್ಲೈಯರಿಗೂ ಒಂದು ಮಾತು ಹೇಳಿಡಿ, ಗುರುತು ತೋರಿಸುವುದು ಬೇಡ ಎಂದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರೆ, ಈ ಮನುಷ್ಯ ಹೇಳಿದ್ದು ಒಂದೇ. ಆಗಲಿ ಎಂದೆ.

ಆದರೆ ಹೇಳಲಿಲ್ಲ. ಅಂದು ಬೆಳಿಗ್ಗೆ ಒಂದು ಮೇಜಿನ ಚಟ್ನಿಯ ವಿಷಯಕ್ಕೆ ನನಗೂ ಚೆನ್ನಯನಿಗೂ ಜಗಳವಾಗಿತ್ತು, ನಾನು ಮಾತು ಬಿಟ್ಟಿದ್ದೆ. ನಾನಾಗಿ ಹೋಗಿ ಮಾತಾಡಿಸಬೇಕಲ್ಲ ಎಂಬ ಸೊಕ್ಕು. ಇಷ್ಟೆಲ್ಲ ತಿಳಿದವನಿಗೆ ಇದೂ ತಿಳಿದಿರುತ್ತದೆ ಬಿಡು ಎಂದುಕೊಂಡು ಕೂತೆ.

ಗೋಡೆಯಾಚೆ ಮಾತು ಚೆನ್ನಾಗಿ ನಡೆಯಿತು. ಗಂಡಿನ ತಾಯಿ ಒಳ್ಳೆಯ ಹೆಂಗಸು, ಬಾಗಿಗೆ ಟೈಪಿಂಗ್ ಎಷ್ಟು ಬರುತ್ತದೆ ಎಂದೆಲ್ಲ ಕೇಳಿದರು. ಆಮೇಲೆ ವಿರುಪಾಕ್ಷಪ್ಪ ಚೆನ್ನಯನನ್ನು ಕರೆದು, ಆರು ಪ್ಲೇಟು ಶೀರಾ ತರಲು ಹೇಳಿದರು. ಚೆನ್ನಯ ಪರದೆ ಸರಿಸಿ ಹೊರಗೆ ಬಂದ. ಆ ಮುಖವನ್ನು ನಾನು ಈಗಲೂ ಮರೆತಿಲ್ಲ. ಮನೆಯ ಮಗಳದೇ ಮದುವೆ ಎಂಬಂತೆ ಓಡಿದ. ಟ್ರೇಯಲ್ಲಿ ಆರು ಶೀರಾ, ಐದು ಕಪ್ಪು ಬಸಿಯಲ್ಲಿ ಕಾಫಿ, ಒಂದು ಸ್ಟೀಲಿನ ಲೋಟ.

ಗಂಡಿನ ತಾಯಿ ನಗುತ್ತಲೇ ಕೇಳಿದರು, "ಅಲ್ಲೋ ತಮ್ಮಾ, ಎಲ್ಲಾರಿಗೂ ಕಪ್ಪು, ಹುಡುಗಿಗೆ ಮಾತ್ರ ಅರ್ಧ ಲೋಟ ಯಾಕ?"

"ಅವರಿಗೆ ಪ್ರತಿ ಸರ್ತಿಯೂ ಹೀಗೇ ಅಮ್ಮ," ಎಂದ ಚೆನ್ನಯ. "ಕೇಳ್ಬೇಕು ಅಂತ ಇಲ್ಲ, ನನಗೆ ಗೊತ್ತುಂಟು."

ಪ್ರತಿ ಸಲ ಅಂದರೆ ಏನು ಎಂದು ವಿರುಪಾಕ್ಷಪ್ಪ ಕೇಳಿದರು. ಚೆನ್ನಯ ತೊದಲಿದ, ಹಾಗಲ್ಲ ಹೀಗೆ ಎಂದ. ತೊದಲಿದ್ದೇ ಸಾಕಾಯಿತು. ಅವರು ಕೂಗಾಡಲಿಲ್ಲ. ಎಷ್ಟು ಸಲ ತೋರಿಸಿದರೂ ನಮಗೇನೂ ಇಲ್ಲ, ಆದರೆ ಮೊದಲ ಮಾತೇ ಸುಳ್ಳಾದರೆ ಮುಂದೆ ಹೇಗೆ ನಂಬುವುದು ಎಂದು ಎದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆರೂ ಪ್ಲೇಟು ಶೀರಾ ಹಾಗೇ ಉಳಿಯಿತು. ಅವರು ಹೋದ ಮೇಲೆ ಬಾಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅಷ್ಟೂ ಕಾಫಿ ಕುಡಿದು, ಲೋಟ ಕೆಳಗಿಟ್ಟಳಂತೆ.

ಸಿದ್ದಲಿಂಗಪ್ಪ ಗಲ್ಲಾದ ಮುಂದೆ ನಿಂತ. "ನಿಮಗ ಹೇಳಿದ್ನಲ್ರಿ," ಎಂದ.

"ನಾನು ಇವನಿಗೆ ಹೇಳಿದ್ದೆ. ಇವನೇ ಮರೆತ," ಎಂದೆ ನಾನು.

ಚೆನ್ನಯ ಹಿಂದೆಯೇ ನಿಂತಿದ್ದ. ನನ್ನನ್ನು ಸುಳ್ಳುಗಾರ ಎನ್ನಬಹುದಿತ್ತು, ಎನ್ನಲಿಲ್ಲ. ಗಿರಾಕಿಗಳ ಮುಂದೆ ಗಲ್ಲಾದವನ ಮಾನ ಕಾಯುತ್ತಿದ್ದಾನೆ ಎಂದುಕೊಂಡೆ. ಅದೂ ಅಲ್ಲ. ಸಂಜೆ ಕೈ ಒರೆಸಿಕೊಳ್ಳುತ್ತ ಬಂದು, ನೀವು ನಿಜವಾಗಿ ನನಗೆ ಹೇಳಿದ್ದಿರಾ, ನನಗೆ ನೆನಪೇ ಇಲ್ಲವಲ್ಲ ಎಂದು ಮೆಲ್ಲಗೆ ಕೇಳಿದ. ಆಗಲಾದರೂ ಇಲ್ಲ ಎನ್ನಬಹುದಿತ್ತು. ಹೇಳಿದ್ದೆ, ನಿನ್ನ ತಲೆಗೆ ಎಲ್ಲಿ ಹೋಗುತ್ತದೆ ಎಂದು ಇನ್ನೊಂದಿಷ್ಟು ಬೈದೆ. ತಪ್ಪು ಮಾಡಿದವನಿಗೇ ದೊಡ್ಡ ಗಂಟಲು.

ಮರುದಿನ ಕಲ್ಯಾಣದ ಗಾರ್ಡ್ ಬಂದು ಕೂತರು. ಚೆನ್ನಯ ಹೋಗಿ ಅವರ ಮುಂದೆ ನಿಂತು, "ಏನು ಬೇಕು?" ಎಂದ. ಅವರು ತಮಾಷೆ ಎಂದುಕೊಂಡು ನಕ್ಕರು. ತಮಾಷೆಯಲ್ಲ. ಅಂದಿನಿಂದ ಹತ್ತು ವರ್ಷ, ದಿನಾ ಬರುವವರನ್ನೂ ಅವನು ಹಾಗೇ ಕೇಳಿದ. ಹಳೆಯ ಗಿರಾಕಿಗಳು ಮೊದಲು ಬೇಸರಪಟ್ಟರು, ಆಮೇಲೆ ಇವನಿಗೆ ವಯಸ್ಸಾಯಿತು ಎಂದರು. ಚೆನ್ನಯ ಎಲ್ಲಿ ಎಂದು ಕೇಳುವುದನ್ನೂ ಬಿಟ್ಟರು. ಅವನ ನೆನಪೇನೂ ಹೋಗಿರಲಿಲ್ಲ, ನನಗೆ ಗೊತ್ತಿತ್ತು. ಅದನ್ನು ನಂಬುವ ಧೈರ್ಯ ಹೋಗಿತ್ತು. ಅದನ್ನು ಕಿತ್ತುಕೊಂಡವನು ಗಲ್ಲಾದಲ್ಲಿ ಕೂತು ಅವನ ಹೆಂಡತಿಯ ಕಾಗದ ಓದಿ ಹೇಳುತ್ತಿದ್ದ.

ಎಂಬತ್ತೇಳರಲ್ಲಿ ಒಂದು ಮಧ್ಯಾಹ್ನ ಬಾಗಿ ಒಬ್ಬಳೇ ಬಂದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು, ಕೊರಳಲ್ಲಿ ತಾಳಿ ಇರಲಿಲ್ಲ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತೆಂದಳು. ಅವ್ವ ಕಲ್ಲವ್ವನನ್ನು ಅವಳೇ ನೋಡಿಕೊಳ್ಳುತ್ತಿದ್ದಾಳಂತೆ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟಂತೆ. ಅಷ್ಟು ಹೇಳಿ ನೇರ ಪರದೆಯ ಹಿಂದೆ ಹೋಗಿ ಕೂತಳು. ನಾನು ಗೋಡೆಗೆ ಕಿವಿ ಕೊಟ್ಟೆ.

ಚೆನ್ನಯ ಅಡುಗೆಮನೆಯಿಂದ ಬರಲು ತುಸು ತಡಮಾಡಿದ. ಬಂದವನು, "ಏನು ಬೇಕು?" ಎಂದ.

"ನಾ ಯಾವಾಗಲೂ ಕುಡಿಯೋದು ಕೊಡ್ರಿ ಅಣ್ಣಾರ."

"ನೆನಪಿಲ್ಲಮ್ಮ. ಏನು ಬೇಕು ಹೇಳಿ."

ಅವಳು ಕಾಫಿ ಎಂದಳು. ಅವನು ಕಪ್ಪು ಬಸಿಯಲ್ಲಿ ತುಂಬ ತಂದಿಟ್ಟ. ಸ್ವಲ್ಪ ಹೊತ್ತಿಗೆ ಅದೇ ಕಟಕಟ ಸದ್ದು ಕೇಳಿಸಿತು, ಹದಿಮೂರು ವರ್ಷದ ಹಿಂದಿನ ಹಾಗೇ.

ಹೋಗುವಾಗ ಗಲ್ಲಾದ ಮುಂದೆ ನಿಂತು ಚಿಲ್ಲರೆ ಎಣಿಸದೆ ಇಟ್ಟಳು. "ಅವರಿಗೂ ನೆನಪಿಲ್ಲ ನೋಡ್ರಿ," ಎಂದಳು. "ಏಳು ಸಲ ಕುಂತೆ ಅಲ್ಲಿ. ನನ್ನ ಕೈ ನೋಡಿ ಮರುಗಿದವರು ಅವರೊಬ್ಬರೇ. ಅದೊಂದು ಲೋಟದ ಸಲುವಾಗಿ ಬಂದಿದ್ದೆ ಇವತ್ತ."

ಅವನಿಗೆ ವಯಸ್ಸಾಯಿತಮ್ಮ ಎಂದೆ. ಇಷ್ಟು ಸುಲಭವಾಗಿ ಬಾಯಿಗೆ ಬಂತು ಸುಳ್ಳು. ಅವಳು ಮೆಟ್ಟಿಲಿಳಿದು ಸ್ಟೇಷನ್ನಿನ ಗುಂಪಿನಲ್ಲಿ ಹೋದಳು. ಮತ್ತೆ ಬರಲಿಲ್ಲ.

ನನಗೆ ಕೂರಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ಕಟ್ಟೆಯ ಮೇಲೆ ಸ್ಟೀಲಿನ ಲೋಟದಲ್ಲಿ ಅರ್ಧ ಕಾಫಿ, ಕೆನೆಗಟ್ಟಿ ಆರಿಹೋಗಿತ್ತು. ಆ ಅಮ್ಮ ಒಳಗೆ ಕಾಲಿಟ್ಟ ಕೂಡಲೇ ಚೆನ್ನಯ ತಾನೇ ಹುಯ್ದು ಇಟ್ಟದ್ದು ಎಂದ ಮಾಪಣ್ಣ. ಚೆನ್ನಯ ಪಾತ್ರೆ ತೊಳೆಯುವ ಮೋರಿಯ ಹತ್ತಿರ ನಿಂತಿದ್ದ.

"ಅರ್ಧ ಲೋಟ ಅಂತಲೇ ನೆನಪಾಯ್ತು," ಎಂದ, ನನ್ನ ಕಡೆ ನೋಡದೆ. "ಆದರೆ ನನ್ನ ನೆನಪನ್ನು ನಂಬ್ಲಿಕ್ಕೆ ಆಗ್ತದಾ? ನೀವು ಹೇಳಿದ್ದನ್ನೇ ಮರೆತವ ನಾನು."

ಅಡುಗೆಮನೆಯಲ್ಲಿ ನಾವು ಮೂವರೇ ಇದ್ದೆವು. ನಾನು ಹೇಳಿಯೇ ಇರಲಿಲ್ಲ ಮಾರಾಯ ಎನ್ನಲು ಎಷ್ಟು ಹೊತ್ತು ಬೇಕು? ಬಾಯಿ ತೆರೆದೆ. ಬಂದದ್ದು ಬೇರೆ ಮಾತು. ಎರಡನೇ ಮೇಜಿಗೆ ಗಿರಾಕಿ ಬಂದಿದ್ದಾರೆ, ಹೋಗು ಎಂದೆ.

ಅವನು ಹೆಗಲ ಬಟ್ಟೆಯಿಂದ ಕೈ ಒರೆಸಿಕೊಂಡು ಹೋದ. ಎರಡನೇ ಮೇಜಿನಲ್ಲಿ ಭಿವಂಡಿಯ ಸೇಟು ಕೂತಿದ್ದರು, ಹತ್ತೊಂಬತ್ತು ವರ್ಷದ ಗಿರಾಕಿ. ಚೆನ್ನಯ ಅವರ ಮುಂದೆ ನಿಂತು, "ಏನು ಬೇಕು?" ಎಂದು ಕೇಳಿದ್ದು ನನಗೆ ಒಳಗೇ ಕೇಳಿಸಿತು.