ನಮ್ಮನೆ ಕಂಪ್ಯೂಟರ್ ಪಾಲಾಯಿತು

ಗೆಳೆಯರೇ, ಸದಾಶಿವನಗರದ ನಮ್ಮ ಮನೆಯಲ್ಲಿ ಇವತ್ತು ಪಾಲು ಪಂಚಾಯ್ತಿ. ಆಸ್ತಿಯದಲ್ಲ, ಕಂಪ್ಯೂಟರಿನದು. ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಲಿನಕ್ಸ್‌ಗೆ ಹೊಸ ವಿಂಡೋ ಮ್ಯಾನೇಜರ್, ಅಂದರೆ ಪರದೆಯನ್ನು ನೋಡಿಕೊಳ್ಳುವ ತಂತ್ರಾಂಶ, ಹಾಕಿದೆ. ಪುಕ್ಕಟೆಯದು. ಒಂದೇ ಮಾನಿಟರಿನೊಳಗೆ ನಾಲ್ಕು ಬೇರೆ ಬೇರೆ ಡೆಸ್ಕ್‌ಟಾಪ್! "ನಾನು ತೆರೆದಿಟ್ಟಿದ್ದನ್ನ ಯಾರು ಮುಚ್ಚಿದ್ದು?" ಎಂಬ ದಿನನಿತ್ಯದ ಜಗಳ ಮುಗಿಯಿತೆಂದು ಹಿಗ್ಗಿ, ಮೊದಲನೆಯದು ನನಗೆ ಎಂದೆ.

ಬೆಳ್ಳಾವಿಯಿಂದ ಬಂದಿದ್ದ ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು. "ಏನ್ಲಾ, ಪಾಲು ಮಾಡ್ದೋನು ಕೊನೇಲಿ ತಗಬೇಕು ಕಣೋ. ಚಿಕ್ಕೋರು ಮೊದ್ಲು."

ತಂಗಿ ಒಂದು ಹಿಡಿದಳು, ಅಮ್ಮ ಒಂದು. ಅಪ್ಪ ಮೂರನೆಯದಕ್ಕೆ ಶಿವನ ಪಟ ಹಾಕಿಸಿಕೊಂಡು ದೊಡ್ಡಪ್ಪನ ಕಡೆ ತಿರುಗಿದರು. "ನಮ್ಮ ಹೊಲ ಪಾಲು ಮಾಡ್ದಾಗ ಈ ನ್ಯಾಯ ಎಲ್ಲೋಗಿತ್ತಣ್ಣ? ಬಾವಿ ಕಡೇದು ನೀನೇ ಮೊದ್ಲು ಹೊಡ್ಕಂಡೆ!"

ದೊಡ್ಡಪ್ಪ ಗೊಳ್ಳೆಂದು ನಕ್ಕರು. "ಬುಡು ಅತ್ಲಾಗೆ. ಆ ನಾಕನೇದು ನಂಗೆ."

ನಾನು ಸೆಟ್ಟಿಂಗ್ಸ್ ಫೈಲ್ ತೆರೆದು, ನಾಲ್ಕು ಎಂದಿದ್ದನ್ನು ಐದು ಎಂದು ತಿದ್ದಿದೆ. ನನಗೂ ಒಂದು ಪಾಲು ಹುಟ್ಟಿತು. ಯಾರದೂ ಕಮ್ಮಿಯಾಗಲಿಲ್ಲ. ದೊಡ್ಡಪ್ಪ ಕನ್ನಡಕ ಏರಿಸಿ ದಿಟ್ಟಿಸಿದರು. "ಹೊಲಕ್ಕೂ ಹಿಂಗೇ ಆಯ್ತದೇನ್ಲಾ?"

ಯಾರ ಹತ್ತಿರವಾದರೂ ಹೊಲದ ವರ್ಷನ್ ಇದ್ದರೆ ದಯವಿಟ್ಟು ಕಳಿಸಿ. ಅಪ್ಪ, ದೊಡ್ಡಪ್ಪ ಇಬ್ಬರೂ ಕಾಯುತ್ತಿದ್ದಾರೆ.